ದೇವದುರ್ಗದಿಂದ ಹೊರಟ ಒಂದೇ ಬಸ್ಸು

ಮೊನ್ನೆ ಮಾನ್ವಿಯಲ್ಲಿ ಶಿಕ್ಷಕರ ತರಬೇತಿ ಮುಗಿಸಿಕೊಂಡು ದೇವದುರ್ಗಕ್ಕೆ ಹೊರಟವಳು ಬಸ್ ನಿಲ್ದಾಣಕ್ಕೆ ಬಂದರೆ, ಸಿರವಾರದ ದಾರಿಯಲ್ಲಿ ಭತ್ತದ ಲಾರಿಯೊಂದು ಅಡ್ಡ ಬಿದ್ದಿದೆಯಂತೆ, ಬಸ್ಸುಗಳೆಲ್ಲ ಅತ್ತಲೇ ನಿಂತುಬಿಟ್ಟಿವೆಯಂತೆ ಎಂಬ ಸುದ್ದಿ. ನಮ್ಮ ಕಡೆಯ ನಿಲ್ದಾಣದಲ್ಲಿ ಇಂಥ ಸುದ್ದಿ ಹಬ್ಬುವುದನ್ನು ನೀವು ಒಮ್ಮೆ ನೋಡಬೇಕು. ಮೊದಲು ಎಲ್ಲರೂ ಕೂಡಿ ಬೈಯುತ್ತಾರೆ. ಲಾರಿಯವನನ್ನು, ರಸ್ತೆ ಮಾಡಿಸಿದವರನ್ನು, ಇನ್ಯಾರೂ ಸಿಗದಿದ್ದರೆ ಪಕ್ಕದಲ್ಲಿ ನಿಂತ ಗಂಡನನ್ನು. ಆಮೇಲೆ ಒಬ್ಬೊಬ್ಬರೇ ಕರಗತೊಡಗುತ್ತಾರೆ. ಒಬ್ಬ ಮಲ್ಲಟದ ಒಳದಾರಿಯಿಂದ ಹೋಗುವ ಟಂಟಂ ಆಟೊ ಹುಡುಕುತ್ತಾನೆ. ಇನ್ನೊಬ್ಬಳು ಮೈದುನನಿಗೆ ಬೈಕ್ ತರಲು ಹೇಳುತ್ತಾಳೆ. ಯಾರದೋ ಟ್ರ್ಯಾಕ್ಟರ್ ಖಾಲಿ ಹೋಗುತ್ತಿದೆ ಎಂದು ಗೊತ್ತಾಗಿ ಹತ್ತು ಜನ ಆ ಕಡೆ ಓಡುತ್ತಾರೆ. ನೋಡನೋಡುತ್ತ ನಿಲ್ದಾಣ ಬರಿದು. ಉಳಿದವರು ನಾನು ಮತ್ತು ಒಬ್ಬ ಮುದುಕಿ.

"ಬಸ್ ಯಾವಾಗ ಬರ್ತದ ಯವ್ವಾ? ನಿನ್ನ ಫೋನಿನ್ಯಾಗ ನೋಡು ಸ್ವಲ್ಪ," ಎಂದಳು ಆಕೆ. ಫೋನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಆಕೆಯ ನಂಬಿಕೆ. ನನಗೆ ಗೊತ್ತಿಲ್ಲವೆಂದೆ. ಆಕೆ ನನ್ನನ್ನೊಮ್ಮೆ ಕನಿಕರದಿಂದ ನೋಡಿ, ಗಂಟು ಎತ್ತಿಕೊಂಡು ಟಂಟಂ ಕಡೆ ನಡೆದಳು. ಬಸ್ಸಿಲ್ಲದ ಆ ನಿಲ್ದಾಣದಲ್ಲಿ, ಎಣ್ಣೆಯ ಕಲೆಗಳ ಮೇಲೆ ಬಿಸಿಲು ಬಿದ್ದು ಎದ್ದ ಡೀಸೆಲ್ ವಾಸನೆಯಲ್ಲಿ, ಒಬ್ಬಳೇ ಕೂತಾಗ ಒಂದು ನಾಚಿಕೆ ಎದ್ದು ಬಂತು. ಹಳೆಯದು.

ನಿಮಗೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಬಸ್ಸಿನ ನೌಕರರು ಮುಷ್ಕರ ಹೂಡಿದ್ದ ದಿನಗಳ ಮಾತಿದು. ನನ್ನ ಎರಡೂ ಕಿಡ್ನಿ ಕೆಲಸ ಬಿಟ್ಟು ಆಗ ವರ್ಷವಾಗಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ದೇವದುರ್ಗದಿಂದ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ರಕ್ತವನ್ನು ಹೊರಗೆ ತೆಗೆದು, ಯಂತ್ರದಲ್ಲಿ ತೊಳೆದು, ಮತ್ತೆ ಒಳಗೆ ಬಿಡುವ ಕೆಲಸ. ಅವ್ವ ಅದನ್ನು "ರಕ್ತ ಒಗಿಯೋದು" ಎನ್ನುತ್ತಾಳೆ. ಮಲ್ಲಟದಲ್ಲಿ ಹೊಲಗೂಲಿ ಮಾಡುತ್ತಲೇ ನನ್ನನ್ನು ಓದಿಸಿದವಳು ಅವಳು. ಮಗಳಿಗೆ ಟೀಚರ್ ಕೆಲಸ ಸಿಕ್ಕ ಮೇಲೆ ನನ್ನ ಜೊತೆ ದೇವದುರ್ಗಕ್ಕೆ ಬಂದು, ಇನ್ನು ಸುಖವಾಗಿರೋಣ ಎನ್ನುವಷ್ಟರಲ್ಲಿ ಈ ಒಗೆಯುವ ಕೆಲಸ ಗಂಟುಬಿದ್ದಿತ್ತು.

ಸೂಜಿ ಚುಚ್ಚಲಿಕ್ಕೆಂದು ನನ್ನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಬರಬರುತ್ತ ಅದು ಹಗ್ಗದಂತೆ ಉಬ್ಬಿಕೊಂಡಿತು. ಮುಟ್ಟಿದರೆ ಒಳಗೆ ದುಂಬಿ ಹೊಕ್ಕಂತೆ ಝುಂ ಎನ್ನುತ್ತಿತ್ತು. ಆ ಕೈ ಯಾರಿಗೂ ಕಾಣಬಾರದೆಂದು ರಾಯಚೂರಿನ ಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ತೊಡುತ್ತಿದ್ದೆ. ಶಾಲೆಯಲ್ಲಿ ಕೆಲವರು ಅದನ್ನು ಹೊಸ ಫ್ಯಾಷನ್ ಎಂದುಕೊಂಡರು. ಒಬ್ಬಿಬ್ಬರು ಹೊಲಿಸಿಕೊಂಡೂ ಬಂದರು. ಪಾಪ, ಬೆವರಿ ಬೆವರಿ ಒಂದೇ ವಾರದಲ್ಲಿ ಬಿಟ್ಟರು.

ನನ್ನ ಕೈಯ ಗುಟ್ಟು ಗೊತ್ತಿದ್ದ ಹೊರಗಿನವರು ಇಬ್ಬರೇ. ನಾನು ಹೋಗುವ ಬೆಳಗಿನ ಬಸ್ಸಿನ ಡ್ರೈವರು ಮಾನಪ್ಪಣ್ಣ ಮತ್ತು ಕಂಡಕ್ಟರ್ ದೇವರಾಜ. ಗುಟ್ಟು ಗೊತ್ತಿತ್ತೇ ಹೊರತು ಅವರೂ ಕೈಯನ್ನು ನೋಡಿರಲಿಲ್ಲ. ಮಾನಪ್ಪಣ್ಣ ಚಂದ್ರಬಂಡದವರು, ಕುರಿ ಕಾಯುವ ಮನೆಯಿಂದ ಬಂದವರು. ಬಸ್ಸಿನ ಮುಂದೆ ದನ ಅಡ್ಡ ಬಂದರೆ ಹಾರನ್ ಒತ್ತದೆ ಕಿಟಕಿಯಿಂದ ತಲೆ ಹಾಕಿ "ಹುರ್ರ್ ಹುರ್ರ್" ಎನ್ನುತ್ತಿದ್ದರು. ದನಗಳೂ ಸರಿಯುತ್ತಿದ್ದವು. ದೇವರಾಜ ನನಗಿಂತ ಚಿಕ್ಕವನು. ಮಾನಪ್ಪಣ್ಣನನ್ನು ಕಾಡುವುದೇ ಅವನ ಕಸುಬು. "ಯಪ್ಪಾ, ಇದು ಬಸ್ಸೈತಿ, ಕುರಿ ಹಿಂಡಲ್ಲ, ಸ್ವಲ್ಪ ಒತ್ತು," ಎಂದು ಹಿಂದಿನಿಂದ ಕೂಗುತ್ತಿದ್ದ. ಇಬ್ಬರೂ ಅದೇ ದಾರಿಯಲ್ಲಿ ವರ್ಷಗಟ್ಟಲೆ ಕೂಡಿ ಓಡಾಡಿದವರು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು.

ಮಂಗಳವಾರ, ಶುಕ್ರವಾರ ಡ್ರೈವರಿನ ಹಿಂದಿನ ಸೀಟಿಗೆ ದೇವರಾಜ ತನ್ನ ಟವೆಲು ಹಾಕಿಡುತ್ತಿದ್ದ. ಯಾರಾದರೂ ಕೂರಲು ಬಂದರೆ, "ಅದು ನಮ್ಮ ಅಕ್ಕೋರ ಸೀಟ್ರಿ," ಎನ್ನುತ್ತಿದ್ದ. ನಮ್ಮಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಸೀಟು ಯಾಕೆ, ಏನು ಎಂದು ಅವನು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ನಾನು ಮನೆಯಿಂದ ಹೊರಡುವುದು ತಡವಾದರೆ ಅವನಿಗೆ ಫೋನ್ ಮಾಡುತ್ತಿದ್ದೆ. ಮಾನಪ್ಪಣ್ಣ ಟೈರು ಒದ್ದು ನೋಡುತ್ತ, ಕನ್ನಡಿ ಒರೆಸುತ್ತ, ಹೇಗೋ ಹೊತ್ತು ಕಳೆಯುತ್ತಿದ್ದರು. ಆಸ್ಪತ್ರೆ, ಯಂತ್ರ, ಸೂಜಿ ಎಲ್ಲ ಸರಿ. ಆದರೆ ನನ್ನನ್ನು ಬದುಕಿಸಿದ್ದರಲ್ಲಿ ಆ ಟವೆಲಿನ ಪಾಲೂ ಇತ್ತು.

ಮುಷ್ಕರ ಶುರುವಾದ ದಿನ ಡಿಪೋದ ಮುಂದಿನ ಪೆಂಡಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವರು ಇದೇ ಮಾನಪ್ಪಣ್ಣ. ಬಸ್ಸಿನಲ್ಲಿ ನಾಲ್ಕು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯ ಅಂದು ಮೈಕ್ ಹಿಡಿದು, "ಈ ಡಿಪೋದಿಂದ ಒಂದು ಗಾಲಿನೂ ಉಳ್ಳಬಾರ್ದು. ಉಳ್ಳಿಸಿದಾಂವ ನಮ್ಮಾಂವ ಅಲ್ಲ," ಎಂದರು. ಶಾಲೆಗೆ ಹೋಗುತ್ತಿದ್ದ ನಾನೂ ನಿಂತು ಚಪ್ಪಾಳೆ ತಟ್ಟಿದೆ. ಅವರ ದುಡಿಮೆ ನಾನು ಕಂಡದ್ದು. ಅವರು ಕೇಳಿದ್ದು ನ್ಯಾಯವಾಗಿತ್ತು. ಎರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ.

ಮುಗಿಯಲಿಲ್ಲ. ಮೊದಲ ಸಲ ಬಾಡಿಗೆ ಕಾರು ಸಿಕ್ಕಿತು. ಎರಡನೆಯ ಸಲ ಸಿಗಲಿಲ್ಲ. ಮದುವೆಯ ದಿನಗಳು, ಕಾರುಗಳೆಲ್ಲ ಬೀಗರನ್ನು ಹೊತ್ತು ತಿರುಗುತ್ತಿದ್ದವು. ಅವ್ವ, ನಾನು ಗಬ್ಬೂರಿನವರೆಗೆ ಟಂಟಂನಲ್ಲಿ ಹೋದೆವು, ಅಲ್ಲಿಂದ ಕಲ್ಮಲದವರೆಗೆ ಹಾಲಿನ ಗಾಡಿಯಲ್ಲಿ, ಅಲ್ಲಿಂದ ರಾಯಚೂರಿಗೆ ಯಾರದೋ ಕ್ರೂಸರ್ ಜೀಪಿನಲ್ಲಿ. ಪ್ರತಿ ಊರಲ್ಲೂ ಯಾರೋ ಒಬ್ಬರು ನಿಂತು, "ಇವರು ದವಾಖಾನಿಗೆ ಹೊಂಟಾರ, ಜಾಗ ಕೊಡ್ರಪ್ಪಾ," ಎಂದು ಹತ್ತಿಸುತ್ತಿದ್ದರು. ಬಸ್ಸು ನಿಂತರೂ ಜನ ನಿಲ್ಲುವುದಿಲ್ಲ ಎಂದು ಹೋಗುವಾಗ ಹೆಮ್ಮೆಪಟ್ಟೆ. ಬರುವಾಗ ಆ ಹೆಮ್ಮೆ ಇಳಿಯಿತು. ಡಯಾಲಿಸಿಸ್ ಆದ ಮೇಲೆ ಮೈಯಲ್ಲಿ ಕಸುವಿರುವುದಿಲ್ಲ. ಕಿಕ್ಕಿರಿದ ಕ್ರೂಸರಿನಲ್ಲಿ ತಲೆ ತಿರುಗಿ, ಎದುರು ಕೂತಿದ್ದ ಹೆಂಗಸಿನ ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡೆ. ಮದುವೆಗೆ ಹೊರಟವಳು ಆಕೆ. "ಇರ್ಲಿ ಬಿಡ್ರಿ, ಸೀರಿ ಒಗದ್ರ ಹೋಗ್ತದ," ಎಂದು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಮಂಗಳವಾರ ಹೋಗಲಾಗಲಿಲ್ಲ. ಮರುದಿನ ಕಾಲು ಊದಿಕೊಂಡವು. ಅದರ ಮರುದಿನ ಬೆಳಿಗ್ಗೆ ಮಲಗಿದರೆ ಉಸಿರು ಹತ್ತದು, ಕೂತರೆ ಇಷ್ಟಿಷ್ಟು. ಊರಿನ ಅಂಬುಲೆನ್ಸ್ ಹೆರಿಗೆಯವಳನ್ನು ಕರೆದುಕೊಂಡು ರಾಯಚೂರಿಗೆ ಹೋಗಿತ್ತು. ಬರುವುದು ಯಾವಾಗಲೋ. ಅವ್ವ "ಇಲ್ಲೇ ಹೋಗಿ ಬರ್ತೀನಿ" ಎಂದು ಸೆರಗು ಹೊದ್ದು ಹೊರಗೆ ಹೋದಳು. ಅವಳು ಹಿಂದಿರುಗಿದ ಸ್ವಲ್ಪ ಹೊತ್ತಿಗೆ ಮಾನಪ್ಪಣ್ಣ ನಮ್ಮ ಬಾಗಿಲಲ್ಲಿ ನಿಂತಿದ್ದರು, ಖಾಕಿ ಹಾಕಿಕೊಂಡು.

"ಅಕ್ಕೋರ, ಬಸ್ ಸ್ಟ್ಯಾಂಡಿಗೆ ಬರ್ರಿ. ಬಸ್ ತರ್ತೀನಿ."

"ಯಾವ ಬಸ್ಸಣ್ಣಾ?"

"ನಂದ."

ನನಗೆ ಒಮ್ಮೆಲೇ ತಿಳಿಯಿತು. ಅವ್ವನ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. ಮಾನಪ್ಪಣ್ಣನ ಮನೆಯ ಹೊಸ್ತಿಲಿಗೆ ತಲೆ ಇಟ್ಟು ಬಂದಿದ್ದಳೆಂದು ಆಮೇಲೆ ಗೊತ್ತಾಯಿತು. "ಬ್ಯಾಡಣ್ಣಾ," ಎಂದೆ. "ನಿಮ್ಮ ಮಂದಿ ಏನಂತಾರ? ಅಂಬುಲೆನ್ಸ್ ಬರ್ತದ, ನಾ ಹೋಗ್ತೀನಿ."

"ನಾ ನಿಮಗ ಕೇಳಾಕ ಬಂದಿಲ್ರಿ," ಎಂದರು ಅವರು, ನನ್ನ ಕಡೆ ನೋಡದೆ. "ಹೇಳಾಕ ಬಂದೀನಿ. ಈ ದಾರಿಯಾಗ ನಿಮ್ಮಂಥೋರು ಇನ್ನೂ ಮೂರು ಮಂದಿ ಅದಾರ. ಅವರಿಗೂ ಹೇಳಿ ಕಳಿಸೀನಿ."

ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಡಿಪೋದ ಗುಮಾಸ್ತರೊಬ್ಬರು ಕಂಡಕ್ಟರ್ ಚೀಲ ತಗಲಿಸಿಕೊಂಡು, ಹುಡುಗಿ ನೋಡಲು ಬಂದ ವರನಂತೆ ಬಾಗಿಲಲ್ಲಿ ಮುದುರಿ ನಿಂತಿದ್ದರು. ನಾನು ಅವ್ವನ ಭುಜ ಹಿಡಿದು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ಮಾನಪ್ಪಣ್ಣ ಇನ್ನೇನು ಗಾಡಿ ಚಾಲೂ ಮಾಡಬೇಕು, ಅಷ್ಟರಲ್ಲಿ ಪೆಂಡಾಲಿನ ಕಡೆಯಿಂದ ಮುಷ್ಕರದವರು ಗುಂಪಾಗಿ ಬಂದು ಬಸ್ಸಿನ ಮುಂದೆ ನಿಂತರು. ಘೋಷಣೆ ಇಲ್ಲ, ಕಲ್ಲಿಲ್ಲ. ಚಪ್ಪಾಳೆ ತಟ್ಟುತ್ತಿದ್ದರು. ಸನ್ಮಾನದ ಚಪ್ಪಾಳೆ.

ಎಲ್ಲರ ಮುಂದೆ ದೇವರಾಜ. ಅವನ ಕೈಯಲ್ಲಿ ಚೆಂಡುಹೂವಿನ ದೊಡ್ಡ ಹಾರ.

ಮುಷ್ಕರ ಮುರಿದು ಕೆಲಸಕ್ಕೆ ಹೋದವನಿಗೆ ಹಾರ ಹಾಕಿ ನಾಚಿಸುವುದು ಆ ದಿನಗಳಲ್ಲಿ ನಡೆದಿತ್ತು. ನಾನು ಕೇಳಿದ್ದೆ, ನೋಡಿರಲಿಲ್ಲ. ದೇವರಾಜ ಡ್ರೈವರಿನ ಬಾಗಿಲ ಮೆಟ್ಟಿಲು ಹತ್ತಿ ನಿಂತ. ಅವನ ಕಣ್ಣು ಕೆಂಪಾಗಿದ್ದವು.

"ಒಂದು ಗಾಲಿನೂ ಉಳ್ಳಬಾರ್ದು ಅಂದಾಂವ ಯಾರಪ್ಪಾ?" ಎಂದ. "ನೀ ಅಂದಿ. ನಿನ್ನ ಮಾತು ಕೇಳಿ ನಾವೆಲ್ಲ ಬಿಸಲಾಗ ಕುಂತೀವಿ. ಚಲೋ ಮಾಡಿದಿ. ತಗೋ, ಹಾಕ್ಕೋ."

ಮಾನಪ್ಪಣ್ಣ ತಲೆ ಬಗ್ಗಿಸಿದರು. ಹಾರ ಬೀಳಲಿಕ್ಕೆ ಅನುವಾಗುವಂತೆ ಬಗ್ಗಿಸಿದರು. ಹಿಂದೆ ನಾನಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಾರ ಕುತ್ತಿಗೆಗೆ ಬಿತ್ತು. ಚಪ್ಪಾಳೆ ಜೋರಾಯಿತು.

ನಾನು ಎದ್ದು ನಿಂತದ್ದು ಹೇಗೋ ತಿಳಿಯದು. "ದೇವರಾಜಾ, ನನ್ನ ಸಲುವಾಗಿ ತಂದಾರ," ಎಂದೆ. ಉಸಿರು ಸಾಲದೆ ಮಾತು ನನಗೇ ಕೇಳಿಸಲಿಲ್ಲ. ಚಪ್ಪಾಳೆಯಲ್ಲಿ ಯಾರಿಗೆ ಕೇಳಿಸೀತು? ಆಗ ಎಡಗೈಯ ತೋಳನ್ನು ಮೊಣಕೈ ದಾಟಿಸಿ ಮೇಲೆ ಎಳೆದುಕೊಂಡು, ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದೆ. ವರ್ಷವಿಡೀ ಅಡಗಿಸಿಟ್ಟ ಕೈ. ಉಬ್ಬಿದ ನರ, ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಗುರುತು, ಅದರ ಮೇಲೆ ಊದಿದ ಚರ್ಮ. ಮುಂದೆ ನಿಂತವರು ಮೊದಲು ನೋಡಿದರು. ಅವರ ಚಪ್ಪಾಳೆ ನಿಂತಿತು. ಹಿಂದಿನವರದು ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿತ್ತು. ನನ್ನ ಬಳಿ ಕಲಿತ ಮಕ್ಕಳ ತಂದೆಯಂದಿರು ಆ ಗುಂಪಿನಲ್ಲಿದ್ದರು.

ದೇವರಾಜ ನನ್ನ ಕೈಯನ್ನು ನೋಡಿದ. ಆಮೇಲೆ ಸೀಟನ್ನು ನೋಡಿದ. ಹಾರ ತೆಗೆಯಲು ಕೈ ಚಾಚಿದ.

"ಬಿಡು," ಎಂದರು ಮಾನಪ್ಪಣ್ಣ. "ಹಾಕಿದ್ದು ಹಾಕಿದಿ. ಕೆಳಗ ಇಳಿ, ಹೊತ್ತಾಗಾಕತ್ತದ."

ಬಸ್ಸು ಹೊರಟಿತು. ಗುಂಪು ತಾನಾಗಿ ದಾರಿ ಬಿಟ್ಟಿತು. ಮಾನಪ್ಪಣ್ಣ ಹಾರ ತೆಗೆಯಲಿಲ್ಲ. ಸ್ಟೇರಿಂಗ್ ತಿರುಗಿಸಿದಾಗೆಲ್ಲ ಒಂದೆರಡು ಹೂ ಉದುರುತ್ತಿದ್ದವು. ಗಬ್ಬೂರಿನಲ್ಲಿ ಹತ್ತಿದ ಯಜಮಾನರೊಬ್ಬರು ಅವರನ್ನು ನೋಡಿ, "ಏನಪ್ಪಾ ಡ್ರೈವರಾ, ಇವತ್ತಿಗೆ ರಿಟೈರ್ ಆದೇನು? ಛಲೋ ಆತು ಬಿಡು," ಎಂದು ಕೈ ಮುಗಿದರು. ಮಾನಪ್ಪಣ್ಣ, "ಹೌದ್ರೀ ಯಪ್ಪಾ," ಎಂದು ತಾವೂ ಕೈ ಮುಗಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೆ ಅಳಲಿಕ್ಕೂ ಉಸಿರಿರಲಿಲ್ಲ. ಅವರ ಬೆನ್ನನ್ನು, ಆ ಹಾರವನ್ನು ನೋಡುತ್ತ ರಾಯಚೂರು ಮುಟ್ಟಿದೆ. ಬದುಕಿದೆ.

ಕೆಟ್ಟವರು ಯಾರೂ ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಅಲ್ಲವೇ? ಮಾರನೆಯ ದಿನವೇ ಮುಷ್ಕರದವರು ತಾವೇ ಒಂದು ಕ್ರೂಸರ್ ಗೊತ್ತುಮಾಡಿ ನಿಲ್ದಾಣದಲ್ಲಿ ನಿಲ್ಲಿಸಿದರು. ದವಾಖಾನೆಗೆ ಹೋಗುವವರಿಗೆ ಮಾತ್ರ. ದೇವರಾಜ ಬಾಗಿಲ ಬಳಿ ನಿಂತು ನಮ್ಮನ್ನು ಕೈಹಿಡಿದು ಹತ್ತಿಸುತ್ತಿದ್ದ. ಹತ್ತಿಸುವಾಗ ನನ್ನ ಬಲಗೈಯನ್ನೇ ಹಿಡಿಯುತ್ತಿದ್ದ, ಮುಖ ಬೇರೆ ಕಡೆ ಇರುತ್ತಿತ್ತು. "ದೇವರಾಜಾ" ಎಂದರೆ "ಹೊತ್ತಾತ್ರಿ ಅಕ್ಕೋರ" ಎಂದುಬಿಡುತ್ತಿದ್ದ. ಮಾನಪ್ಪಣ್ಣ ಮತ್ತೆ ಬಸ್ಸು ತೆಗೆಯಲಿಲ್ಲ. ಪೆಂಡಾಲಿಗೂ ಹೋಗಲಿಲ್ಲ. ಎದುರಿನ ಹೋಟೆಲಿನ ಬೆಂಚಿನ ಮೇಲೆ ಒಬ್ಬರೇ ಕೂತು ಪೆಂಡಾಲನ್ನು ನೋಡುತ್ತಿದ್ದರು. ಆಮೇಲೆ ಇನ್ನೊಂದು ಆಯಿತು. ಬಸ್ಸು ಓಡಿಸಿದವರಿಗೆ ಶಾಲು ಹೊದಿಸುತ್ತೇವೆ ಎಂದು ಮೇಲಿನವರು ಹೇಳಿಕಳಿಸಿದರಂತೆ. ಮಾನಪ್ಪಣ್ಣ ಜ್ವರ ಎಂದು ಹೇಳಿ ಚಂದ್ರಬಂಡಕ್ಕೆ ಹೋಗಿ ಕುರಿದೊಡ್ಡಿಯಲ್ಲಿ ಕೂತರಂತೆ.

ಮುಷ್ಕರ ಮುಗಿಯಿತು. ಮುಂದೆ ನಿಂತವರಿಗೆ ದೂರದೂರಿಗೆ ವರ್ಗವಾಯಿತು. ದೇವರಾಜ ಬೀದರಿನ ಕಡೆ ಹೋದ. ಮಾನಪ್ಪಣ್ಣನಿಗೆ ಏನೂ ಆಗಲಿಲ್ಲ. ಏನೂ ಆಗದಿದ್ದದ್ದನ್ನೇ ತಡೆಯಲಾಗದೆ ಇರಬೇಕು, ಅವರು ತಾವೇ ಕೇಳಿಕೊಂಡು ರಾಯಚೂರಿನ ಡಿಪೋಕ್ಕೆ ಹೋದರು, ಅಲ್ಲಿಂದಲೇ ನಿವೃತ್ತರಾದರು. ಅಷ್ಟರಲ್ಲಿ ದೇವದುರ್ಗದ ಆಸ್ಪತ್ರೆಗೇ ಯಂತ್ರ ಬಂತು. ರಕ್ತ ಒಗೆಯುವ ಕೆಲಸ ಊರಲ್ಲೇ ಆಗತೊಡಗಿತು. ನನಗೆ ಬಸ್ಸು ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ, ಬೇಡವಾಯಿತಲ್ಲ ಎಂದು ಒಳಗೊಳಗೇ ಹಗುರವಾಯಿತು. ರಾಯಚೂರಿಗೆ ಹೋಗಬೇಕಾದರೂ ಯಾರದಾದರೂ ಕಾರು ನೋಡುತ್ತಿದ್ದೆ. ಒಂದೇ ಡಬ್ಬಿಯಲ್ಲಿ ಉಂಡವರ ನಡುವೆ ನನ್ನ ಮೈ ಬಂದು ಅಡ್ಡ ಬಿದ್ದಿತಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು. ತಪ್ಪು ಮಾಡಿದ್ದರೆ ಕ್ಷಮೆ ಕೇಳಬಹುದು. ಬದುಕಿದ್ದಕ್ಕೆ ಯಾರ ಬಳಿ ಹೋಗಿ ಏನೆಂದು ಕೇಳುವುದು? ಆ ಸಂಕೋಚದಲ್ಲಿ ಇಬ್ಬರನ್ನೂ ನೋಡಲಿಲ್ಲ, ಒಂದು ಫೋನೂ ಮಾಡಲಿಲ್ಲ.

ಮೊನ್ನೆ ಮಾನ್ವಿಯಲ್ಲಿ ಕೂತು ಇದನ್ನೆಲ್ಲ ತಲೆಯಲ್ಲಿ ಹಿಂದೆಮುಂದೆ ಮಾಡುತ್ತಿದ್ದಾಗ, ದೇವರಾಜನ ನಂಬರು ಇನ್ನೂ ಫೋನಿನಲ್ಲಿದೆಯೇ ನೋಡಿದೆ. ಇತ್ತು. ಒತ್ತಿದೆ. ಹತ್ತಲಿಕ್ಕಿಲ್ಲ ಎಂಬ ಧೈರ್ಯದಿಂದಲೇ ಒತ್ತಿದ್ದು. ಹತ್ತಿತು.

"ಹಲೋ, ಯಾರ್ರೀ?"

"ನಾನು ದೇವರಾಜಾ. ದೇವದುರ್ಗದ ಅಕ್ಕೋರು."

ಆ ಕಡೆ ಬಸ್ಸಿನ ಸದ್ದು, ಯಾರೋ ಚಿಲ್ಲರೆ ಕೇಳುವ ಸದ್ದು. ಆಮೇಲೆ ಬಹಳ ಮೆಲ್ಲಗೆ ಕೇಳಿದ.

"ಅಕ್ಕೋರ, ಅದೀರೇನ್ರಿ?"

ಅವನ ಮಾತಿನ ಅರ್ಥ ನನಗೆ ತಕ್ಷಣ ಹೊಳೆಯಲಿಲ್ಲ. "ಅದೀನಿ, ಮಾನ್ವಿಯಾಗ ಅದೀನಿ," ಎಂದೆ ಪೆದ್ದಳಂತೆ.

"ಅದಲ್ರಿ," ಎಂದ. "ನೀವು ಬಸ್ಸಿಗೆ ಬರೋದು ಬಿಟ್ರಿ ಅಂತ ಡಿಪೋದ ಹುಡುಗರು ಅಂದ್ರು. ಹೋಗಿಬಿಟ್ರೇನೋ ಅಂದ್ಕೊಂಡೀನ್ರಿ. ಕೇಳಾಕ ಧೈರ್ಯ ಆಗ್ಲಿಲ್ಲ. ಹಾರ ಹಾಕಾಕ ಬಸ್ ನಿಲ್ಲಿಸಿದ್ನಲ್ರಿ, ಆ ಹೊತ್ತು ಸುಮ್ನ ಹೋತಲ್ಲ, ಅದರಿಂದ ಮುಂದ ಏನರ ಆತೇನೋ ಅಂತ."

ನಾನು ಅಡಗಿ ಕೂತ ವರ್ಷಗಳಲ್ಲಿ ಅವನು ಇದನ್ನು ಹೊತ್ತು ತಿರುಗಿದ್ದ! ಬೀದರಿನ ರಸ್ತೆಗಳಲ್ಲಿ, ಟಿಕೆಟ್ ಹರಿಯುತ್ತ. ನನ್ನ ನಾಚಿಕೆಯನ್ನು ಸಾಕಿಕೊಂಡು ಕೂತಿದ್ದೆನೇ ಹೊರತು, ನಾನು ಕಾಣದಿದ್ದರೆ ಯಾರಾದರೂ ಹೀಗೆ ಅಂದುಕೊಂಡಾರು ಎಂದು ನನಗೆ ಹೊಳೆದೇ ಇರಲಿಲ್ಲ.

"ಮಾನಪ್ಪಣ್ಣ ನಿನ್ನ ಜೊತಿ ಮಾತಾಡ್ತಾರೇನು?" ಎಂದು ಕೇಳಿದೆ.

"ಮಾತಾಡ್ತಾನ್ರಿ. ಹಬ್ಬಕ್ಕ ಫೋನ್ ಮಾಡ್ತಾನ. ಮಳಿ, ಬೆಳಿ, ಕುರಿ ಎಲ್ಲಾ ಮಾತಾಡ್ತೀವಿ. ನಿಮ್ಮ ಸುದ್ದಿ ಒಂದ ತಗಿಯಂಗಿಲ್ಲ. ಅವನೂ ನೀವು ಹೋದ್ರಿ ಅಂತನ ಅಂದ್ಕೊಂಡಾನ್ರಿ." ಒಮ್ಮೆಲೇ ಅವನ ದನಿ ಹಳೆಯ ದೇವರಾಜನದಾಯಿತು. "ನಂಬರ್ ಕಳಿಸ್ತೀನಿ. ಈಗ ಹಚ್ರಿ. ನಾ ಹೇಳಂಗಿಲ್ಲ, ನೀವ ಹೇಳ್ರಿ."

ನಂಬರು ಬಂತು. ಹಚ್ಚಿದೆ. ಬಹಳ ಹೊತ್ತು ರಿಂಗಾಗಿ, ಕೊನೆಗೆ ಮಾನಪ್ಪಣ್ಣ ಎತ್ತಿದರು. ಹಿಂದೆ ಕುರಿಗಳ ಸದ್ದು. ನಾನು ಯಾರೆಂದು ಹೇಳಿದೆ. ಕುರಿಗಳು ಮಾತ್ರ ಅರಚುತ್ತಿದ್ದವು.

"ಊಟ ಆತೇನ್ರಿ ಅಕ್ಕೋರ?" ಎಂದರು.

"ಇಲ್ಲಣ್ಣಾ. ಮಾನ್ವಿ ಬಸ್ ಸ್ಟ್ಯಾಂಡಿನ್ಯಾಗ ಕುಂತೀನಿ. ದಾರಿಯಾಗ ಲಾರಿ ಬಿದ್ದದಂತ. ಬಸ್ಸಿಲ್ಲ."

"ಬರ್ತದ ಬರ್ತದ. ಎತ್ತಾಕ ಕ್ರೇನ್ ತರ್ತಾರ," ಎಂದರು. ಆಮೇಲೆ, "ನಾ ಫೋನ್ ಇಡಂಗಿಲ್ರಿ. ಬಸ್ ಬರೋತನಕ ಮಾತಾಡ್ರಿ."

"ಏನು ಮಾತಾಡಲಣ್ಣಾ?"

"ಏನರ. ಅವ್ವ ಹ್ಯಾಂಗದಾಳ, ಅದನ್ನ ಹೇಳ್ರಿ."

ಹೇಳತೊಡಗಿದೆ. ಅವ್ವನದು, ಯಂತ್ರ ಊರಿಗೆ ಬಂದದ್ದು, ಅರ್ಧ ತೋಳಿನ ಕುಪ್ಪಸ ತೊಟ್ಟು ಶಾಲೆಗೆ ಹೋಗುವಷ್ಟು ನಾನು ಭಂಡಳಾದದ್ದು. ಅವರು "ಹೂಂ, ಹೂಂ" ಎನ್ನುತ್ತಿದ್ದರು, ನಡುವೆ ಒಮ್ಮೆ ಮೂಗು ಸೀಟಿದ್ದು ಕೇಳಿಸಿತು. ಇನ್ನೂ ಹೇಳಬೇಕಾದದ್ದು ಬಹಳವಿತ್ತು. ಬಸ್ಸು ಸ್ವಲ್ಪ ತಡವಾಗಿ ಬರಲಿ ಎಂದು ನಾನು ಬೇಡಿಕೊಂಡದ್ದು ನನ್ನ ಬದುಕಿನಲ್ಲಿ ಅದೇ ಮೊದಲು.